ಗೆಳೆಯರಿಗೆ ಜಾಝ್ ಆಲ್ಬಮ್ ಕೇಳಿಸುವುದು ಹೇಗೆ: ರೆಕಾರ್ಡಿಂಗ್ ಕೋಣೆಯಿಂದ ಶುರುಮಾಡಿ

ಜಾಝ್ ಹುಚ್ಚು ಹತ್ತಿಸಿಕೊಂಡವರೆಲ್ಲ ಒಂದೇ ಥರ ಸೋಲುತ್ತಾರೆ. ರಾತ್ರಿ 11 ಗಂಟೆಗೆ ಗೆಳೆಯನಿಗೆ ವಾಟ್ಸ್ಆ್ಯಪ್‌ನಲ್ಲಿ 20 ಆಲ್ಬಮ್‌ಗಳ ಪಟ್ಟಿ ಕಳಿಸುತ್ತಾರೆ. ಬೆಳಿಗ್ಗೆ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. ವಾರ ಬಿಟ್ಟು ವಿಚಾರಿಸಿದರೆ, "ಚೆನ್ನಾಗಿತ್ತಪ್ಪ, ಕೆಲಸ ಮಾಡ್ತಾ ಹಾಕ್ಕೊಂಡಿದ್ದೆ" ಎನ್ನುತ್ತಾನೆ. ಅಂದರೆ ಕೇಳಿಲ್ಲ. ಇನ್ನೂ ಕೆದಕಿದರೆ ನಿಜ ಹೊರಬೀಳುತ್ತದೆ: "ಎಲ್ಲಾ ಒಂದೇ ಥರ ಇದೆ, ಹೋಟೆಲ್ ಲಾಬಿಯಲ್ಲಿ ಕಾಯ್ತಾ ಕೂತ ಹಾಗಾಯ್ತು."

ತಪ್ಪು ಗೆಳೆಯನದಲ್ಲ. ಸಂಗೀತ ಕಚೇರಿಯಲ್ಲಿ ಕೂತವನ ಕಣ್ಣೆದುರು ವೇದಿಕೆ ಇರುತ್ತದೆ. ಹಾಡುವವರು ಯಾರನ್ನು ನೋಡಿ ನಕ್ಕರು, ಮೃದಂಗದವರು ಎಲ್ಲಿ ಕೈ ತೆಗೆದರು, ಪಿಟೀಲಿನವರು ಎಲ್ಲಿ ತಡವರಿಸಿದರು ಎಲ್ಲವೂ ಕಾಣುತ್ತದೆ. ರೆಕಾರ್ಡಿನಲ್ಲಿ ಆ ವೇದಿಕೆ ಮಾಯ. ಅದನ್ನು ಮತ್ತೆ ಕಟ್ಟಿಕೊಟ್ಟರೆ ಕಿವಿ ತಾನಾಗಿಯೇ ನೆಡುತ್ತದೆ. ಕಟ್ಟಿಕೊಡಲು ನನಗೆ ಗೊತ್ತಿರುವ ಸುಲಭದ ದಾರಿ, ಆ ಆಲ್ಬಮ್ ಎಂಥ ಕೋಣೆಯಲ್ಲಿ, ಹೇಗೆ ರೆಕಾರ್ಡ್ ಆಯಿತು ಎಂದು ಕೇಳಿಸಿ ತೋರಿಸುವುದು. ಮೈಮರೆತು ಹೊಗಳುವುದರಿಂದ ಆಗದ ಕೆಲಸ ಒಂದು ಸಿಳ್ಳೆಯಿಂದ ಆಗಿದ್ದನ್ನು ನೋಡಿದ್ದೇನೆ. ಆ ಸಿಳ್ಳೆಯ ವಿಷಯ 5ನೇ ಹಂತದಲ್ಲಿದೆ.

ಇದು ಎರಡು ಸಂಜೆಗಳ ಕೆಲಸ. ಮೊದಲ ನಾಲ್ಕು ಹಂತಗಳನ್ನು ಗೆಳೆಯ ಬರುವ ಮುನ್ನ ನೀವೊಬ್ಬರೇ ಮುಗಿಸಬೇಕು. 5 ಮತ್ತು 6 ಮೊದಲ ಸಂಜೆಗೆ, ಮಿಕ್ಕದ್ದು ಎರಡನೆಯದಕ್ಕೆ. ಕ್ರಮ ತಪ್ಪಿಸಿದವರು ಮತ್ತೆ ಲಾಬಿಗೇ ಬಂದು ಕೂರುತ್ತಾರೆ.

ಬೇಕಾಗುವ ಸಾಮಾನು

ಎರಡು ಬಿಡಿ ಸ್ಪೀಕರ್‌ಗಳು ಬೇಕು. ದುಬಾರಿಯವೇ ಆಗಬೇಕಿಲ್ಲ, ಕಂಪ್ಯೂಟರಿನ ಪಕ್ಕ ಇಡುವ ಜೋಡಿಯೂ ನಡೆಯುತ್ತದೆ. ಒಂದೇ ಡಬ್ಬಿಯ ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ. ಎಡ ಬಲ ಅದರಲ್ಲಿ ಸತ್ತುಹೋಗುತ್ತದೆ, ಬೇಸ್ ಎಂದೂ ಕರೆಯುವ ಆಳೆತ್ತರದ ತಂತಿವಾದ್ಯ ಕಾಂಟ್ರಾಬೇಸ್ ಅಂತೂ ಬರೀ ಗುಂಯ್ ಎನ್ನುತ್ತದೆ. ಸ್ಪೀಕರ್ ಇಲ್ಲದಿದ್ದರೆ ತಂತಿಯ ಹೆಡ್‌ಫೋನ್ ಎರಡು, ಜೊತೆಗೆ ಒಂದೇ ತೂತಿನಿಂದ ಎರಡಕ್ಕೂ ಕೊಡುವ ಕವಲು ಪಿನ್. ಒಂದು ನೋಟ್‌ಬುಕ್, ಪೆನ್ಸಿಲ್. ಶ್ರುತಿಪೆಟ್ಟಿಗೆಯ ಆ್ಯಪ್ ಒಂದಿದ್ದರೆ 3ನೇ ಹಂತದಲ್ಲಿ ಉಪಯೋಗಕ್ಕೆ ಬರುತ್ತದೆ. ಟರ್ನ್‌ಟೇಬಲ್ ಇದ್ದರೆ ಸಂತೋಷ, ಇಲ್ಲದಿದ್ದರೆ ನಷ್ಟವಿಲ್ಲ.

ಹಂತ 1: ಒಂದೇ ಆಲ್ಬಮ್ ಆರಿಸಿ

ಎಲ್ಲರೂ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'ನಿಂದ ಶುರುಮಾಡುತ್ತಾರೆ. ನಾನು ಹಾಗೆ ಮಾಡುವುದನ್ನು ಬಿಟ್ಟು ವರ್ಷಗಳಾದವು. ಅದು ಎಷ್ಟು ನುಣುಪಾಗಿದೆ ಎಂದರೆ ಹೊಸಬನ ಕಿವಿ ಅದರ ಮೇಲೆ ಜಾರಿಹೋಗುತ್ತದೆ. ಮೊದಲ ಆಲ್ಬಮ್‌ನಲ್ಲಿ ಹೊಲಿಗೆ ಕಾಣಬೇಕು, ಅಂದರೆ ಕೆಲಸ ನಡೆಯುತ್ತಿರುವುದು ಕಿವಿಗೆ ಬೀಳಬೇಕು.

ಅದಕ್ಕೆ ನನ್ನ ಆಯ್ಕೆ ಮೈಲ್ಸ್ ಡೇವಿಸ್ ಕ್ವಿಂಟೆಟ್‌ನ 'ರಿಲ್ಯಾಕ್ಸಿನ್'. ತುತ್ತೂರಿ ಮೈಲ್ಸ್‌ನದು, ಟೆನರ್ ಸ್ಯಾಕ್ಸೊಫೋನ್ ಜಾನ್ ಕೋಲ್ಟ್ರೇನ್, ಪಿಯಾನೊ ರೆಡ್ ಗಾರ್ಲೆಂಡ್, ಬೇಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಫಿಲಿ ಜೋ ಜೋನ್ಸ್. ಐದೇ ಜನ, ಆರೇ ತುಣುಕು, ಮುಕ್ಕಾಲು ಗಂಟೆಯೂ ಇಲ್ಲ. ಮುಖ್ಯವಾಗಿ, ತುಣುಕುಗಳ ನಡುವೆ ಸ್ಟುಡಿಯೊದ ಮಾತುಕತೆಯನ್ನು ಕತ್ತರಿಸದೆ ಉಳಿಸಿದ್ದಾರೆ.

ಇಲ್ಲಿ ಮಾಡುವ ತಪ್ಪು, "ನಿನಗೆ ಇಷ್ಟವಾಗಬಹುದು" ಎಂದು ಊಹಿಸಿ ಆರಿಸುವುದು. ಕರ್ನಾಟಕ ಸಂಗೀತ ಬಲ್ಲ ಗೆಳೆಯನಿಗೆ ಕದ್ರಿ ಗೋಪಾಲನಾಥರೂ ರುದ್ರೇಶ್ ಮಹಾಂತಪ್ಪ ಅವರೂ ಕೂಡಿ ನುಡಿಸಿರುವ 'ಕಿನ್ಸ್‌ಮೆನ್' (2008) ಕೊಡೋಣ ಎಂದು ಯಾರಿಗಾದರೂ ಅನಿಸುತ್ತದೆ. ಒಳ್ಳೆಯ ಆಲ್ಬಮ್, ಎರಡು ಆಲ್ಟೊ ಸ್ಯಾಕ್ಸೊಫೋನ್‌ಗಳು ಒಂದನ್ನೊಂದು ಬೆನ್ನಟ್ಟುತ್ತವೆ. ಆದರೆ ಗೆಳೆಯ ಅದರಲ್ಲಿ ತನಗೆ ಗೊತ್ತಿರುವುದನ್ನು ಹುಡುಕಿ ತೆಗೆದು, ತಲೆದೂಗಿ ಎದ್ದುಹೋಗುತ್ತಾನೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಹಂತ 2: ಸೆಷನ್‌ನ ಚೀಟಿ ಬರೆಯಿರಿ

ಒಂದು ಅಂಗೈ ಅಗಲದ ಚೀಟಿ. ಅದರಲ್ಲಿ ನಾಲ್ಕು ಸಂಗತಿ: ಯಾವ ದಿನ, ಯಾವ ಜಾಗ, ಯಾರು ಯಾರು, ಮೈಕು ಇಟ್ಟವರು ಯಾರು. ಕೈಯಲ್ಲೇ ಬರೆಯಿರಿ. ಬರೆಯುವಾಗಲೇ ನಿಮಗೆ ಗೊತ್ತಿಲ್ಲದ್ದು ಏನೆಂದು ಗೊತ್ತಾಗುವುದು.

'ರಿಲ್ಯಾಕ್ಸಿನ್'ನ ಚೀಟಿ ಹೀಗಿರುತ್ತದೆ. ದಿನ: ಮೊದಲ ನಾಲ್ಕು ತುಣುಕು 1956ರ ಅಕ್ಟೋಬರ್ 26, ಕೊನೆಯ ಎರಡು ಅದೇ ವರ್ಷದ ಮೇ 11. ಜಾಗ: ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಒಂದು ಮನೆಯ ಹಜಾರ. ಎಂಜಿನಿಯರ್: ರೂಡಿ ವ್ಯಾನ್ ಗೆಲ್ಡರ್.

ಹಜಾರ ಎಂದಿದ್ದು ತಮಾಷೆಗಲ್ಲ. ವ್ಯಾನ್ ಗೆಲ್ಡರ್ ಹಗಲು ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುತ್ತಿದ್ದ ಆಪ್ಟೊಮೆಟ್ರಿಸ್ಟ್. ರೆಕಾರ್ಡಿಂಗ್ ನಡೆಯುತ್ತಿದ್ದುದು ಅಪ್ಪ ಅಮ್ಮನ ಮನೆಯ ಹಜಾರದಲ್ಲಿ. ಪಕ್ಕದ ಕೋಣೆಯಲ್ಲಿ ಯಂತ್ರಗಳು, ನಡುವೆ ಗಾಜಿನ ಕಿಟಕಿ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೊ ಕಟ್ಟಿದ ಮೇಲೆಯೇ ಕನ್ನಡಕದ ಕೆಲಸ ಬಿಟ್ಟಿದ್ದು. ಪಿಯಾನೊ ವಾದಕ ಥೆಲೋನಿಯಸ್ ಮಂಕ್ ತನ್ನ ಒಂದು ರಚನೆಗೆ 'ಹ್ಯಾಕೆನ್‌ಸ್ಯಾಕ್' ಎಂದು ಹೆಸರಿಟ್ಟಿರುವುದು ಈ ಮನೆಯ ನೆನಪಿಗೇ.

ಎರಡೇ ದಿನ ಎಂಬುದನ್ನೂ ಚೀಟಿಯಲ್ಲಿ ಗೆರೆ ಎಳೆದು ಗುರುತಿಸಿ. ಮೈಲ್ಸ್ ದೊಡ್ಡ ಕಂಪನಿಯಾದ ಕೊಲಂಬಿಯಾಕ್ಕೆ ಹೋಗಬೇಕಿತ್ತು. ಅಲ್ಲಿಯವರೆಗಿನ ಕಂಪನಿ ಪ್ರೆಸ್ಟೀಜ್ ಜೊತೆಗಿನ ಒಪ್ಪಂದದ ಬಾಕಿ ಉಳಿದಿತ್ತು. ಆ ಬಾಕಿ ತೀರಿಸಲು ಎರಡು ದಿನ ಕೂತು ನುಡಿಸಿದ್ದರಲ್ಲಿ 'ಕುಕಿನ್', 'ರಿಲ್ಯಾಕ್ಸಿನ್', 'ವರ್ಕಿನ್', 'ಸ್ಟೀಮಿನ್' ಎಂಬ ನಾಲ್ಕು ಆಲ್ಬಮ್ ಹೊರಬಂದವು. ಕ್ಲಬ್ಬಿನಲ್ಲಿ ರಾತ್ರಿ ರಾತ್ರಿ ನುಡಿಸುತ್ತಿದ್ದುದನ್ನೇ ಇಲ್ಲಿಯೂ ಸಾಲಾಗಿ ನುಡಿಸಿದರು. ತಾಲೀಮಿನ ವಾಸನೆ ಇಲ್ಲದಿರುವುದಕ್ಕೆ ಇದೇ ಕಾರಣ.

ಈ ಹಂತದಲ್ಲಿ ಅತಿ ಹೆಚ್ಚು ಜನ ಎಡವುವುದು ಇಸವಿಯಲ್ಲಿ. ಆ್ಯಪ್‌ಗಳು ತೋರಿಸುವುದು ಆಲ್ಬಮ್ ಮಾರುಕಟ್ಟೆಗೆ ಬಂದ ವರ್ಷ, ಕೆಲವೊಮ್ಮೆ ರೀಮಾಸ್ಟರ್ ಮಾಡಿದ, ಅಂದರೆ ಹಳೆಯ ಟೇಪನ್ನು ಮತ್ತೆ ಹದಮಾಡಿ ಹೊರತಂದ ವರ್ಷ. 'ರಿಲ್ಯಾಕ್ಸಿನ್' ಬಂದದ್ದು 1958ರಲ್ಲಿ, 'ಸ್ಟೀಮಿನ್' 1961ರಲ್ಲಿ. ನುಡಿಸಿದ್ದು ಮಾತ್ರ ಎರಡನ್ನೂ 1956ರಲ್ಲಿ. 1956ರ ಕೋಲ್ಟ್ರೇನ್ ಇನ್ನೂ ದಾರಿ ಹುಡುಕುತ್ತಿರುವವನು. 1961ರ ಕೋಲ್ಟ್ರೇನ್ ಬೇರೆಯದೇ ಮನುಷ್ಯ. ಇಸವಿ ತಪ್ಪಿದರೆ ಕಥೆಯೇ ತಪ್ಪುತ್ತದೆ. ಹಿಂಬದಿ ಕವರಿನ ಫೋಟೊ, ಇಲ್ಲವೇ ಸೆಷನ್‌ಗಳನ್ನು ದಿನಾಂಕವಾರು ಪಟ್ಟಿಮಾಡಿದ ಡಿಸ್ಕಾಗ್ರಫಿ ನೋಡಿ ಬರೆದುಕೊಳ್ಳಿ.

ಹಂತ 3: ಸರಿಯಾದ ಪ್ರತಿ ಹುಡುಕಿ

ಒಂದೇ ಆಲ್ಬಮ್ ಹತ್ತು ವೇಷದಲ್ಲಿ ಸಿಗುತ್ತದೆ. ಮೂರು ಪರೀಕ್ಷೆ ಸಾಕು.

ಮೊದಲನೆಯದು ಮೋನೊ ಪರೀಕ್ಷೆ. 'ರಿಲ್ಯಾಕ್ಸಿನ್' ಮೋನೊದಲ್ಲಿ ರೆಕಾರ್ಡ್ ಆದದ್ದು, ಅಂದರೆ ಎರಡೂ ಸ್ಪೀಕರ್‌ಗೆ ಒಂದೇ ಸದ್ದು; ಸ್ಟೀರಿಯೊದಲ್ಲಿ ಎಡ ಬಲ ಬೇರೆ ಬೇರೆ. 1960ರ ದಶಕದಲ್ಲಿ ಸ್ಟೀರಿಯೊ ಹುಚ್ಚು ಏರಿದಾಗ ಎಷ್ಟೋ ಮೋನೊ ರೆಕಾರ್ಡುಗಳನ್ನು ಯಂತ್ರದಲ್ಲಿ ಹಾಕಿ ಸುಳ್ಳು ಸ್ಟೀರಿಯೊ ಮಾಡಿ ಮಾರಿದರು. ಅದರ ಲಕ್ಷಣ ಸುಲಭ: ತಾರದ ಸದ್ದೆಲ್ಲ ಒಂದು ಕಡೆ, ಮಂದ್ರವೆಲ್ಲ ಇನ್ನೊಂದು ಕಡೆ, ನಡುವೆ ಏನೋ ಉಬ್ಬಸ. ಕೇಳಿದ ಐದು ನಿಮಿಷಕ್ಕೆ ತಲೆ ಭಾರವಾಗುತ್ತದೆ. ಅಂಥದ್ದು ಸಿಕ್ಕರೆ ಬಿಟ್ಟುಬಿಡಿ. ನಿಜವಾದ ಮೋನೊದಲ್ಲಿ ಎಲ್ಲರೂ ನಡುವಿನಿಂದಲೇ ಕೇಳಿಸುತ್ತಾರೆ, ಆದರೆ ಮುಂದೆ ಹಿಂದೆ ಇರುತ್ತದೆ. ತುತ್ತೂರಿ ಮೂಗಿನ ಹತ್ತಿರ, ಡ್ರಮ್ಸ್ ಗೋಡೆಯ ಹತ್ತಿರ.

ಎರಡನೆಯದು ಶ್ರುತಿ ಪರೀಕ್ಷೆ. ಇದು ಎರಡನೇ ಸಂಜೆಯ 'ಕೈಂಡ್ ಆಫ್ ಬ್ಲೂ'ಗೆ. 1959ರ ಮಾರ್ಚ್ 2ರ ಸೆಷನ್‌ನಲ್ಲಿ ಮುಖ್ಯ ಟೇಪ್ ಯಂತ್ರ ತುಸು ನಿಧಾನಕ್ಕೆ ಓಡುತ್ತಿತ್ತು. ನಿಧಾನಕ್ಕೆ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಶ್ರುತಿ ಏರುತ್ತದೆ. ಹೀಗಾಗಿ ಮೊದಲ ಬದಿಯ ಮೂರೂ ತುಣುಕು ದಶಕಗಟ್ಟಲೆ ಏರಿದ ಶ್ರುತಿಯಲ್ಲೇ ಮಾರಾಟವಾದವು. ಜೊತೆಗೆ ಓಡುತ್ತಿದ್ದ ಎರಡನೇ ಯಂತ್ರದ ಟೇಪಿನಿಂದ 1990ರ ದಶಕದಲ್ಲಿ ಇದನ್ನು ತಿದ್ದಿದರು. ಆ್ಯಪ್‌ನಲ್ಲಿ ಎರಡು ಮನೆ ಶ್ರುತಿ, ಅಂದರೆ ಡಿ ಇಟ್ಟುಕೊಂಡು 'ಸೋ ವಾಟ್'ನ ಬೇಸ್ ಜೊತೆ ಕೇಳಿ. ಕೂಡಿಕೊಂಡರೆ ತಿದ್ದಿದ ಪ್ರತಿ. ಕೆರೆದಂತಾದರೆ ಹಳೆಯದು. ಹಳೆಯದರಲ್ಲಿ ಒಂದು ಚುರುಕು ಇದೆ ಎಂದು ವಾದಿಸುವವರೂ ಇದ್ದಾರೆ. ಅವರ ಜೊತೆ ಜಗಳಕ್ಕೆ ಹೋಗಬೇಡಿ, ಆದರೆ ಗೆಳೆಯನಿಗೆ ತಿದ್ದಿದ್ದನ್ನೇ ಹಾಕಿ.

ಮೂರನೆಯದು ಬಾಲಂಗೋಚಿ ಪರೀಕ್ಷೆ. ಒಂದು ತುಣುಕನ್ನು ಒಮ್ಮೆ ನುಡಿಸಿದ್ದಕ್ಕೆ ಟೇಕ್ ಎನ್ನುತ್ತಾರೆ. ಮರುಮುದ್ರಣಗಳ ಕೊನೆಗೆ ಬೇರೆ ಟೇಕ್‌ಗಳನ್ನು ಅಂಟಿಸಿರುತ್ತಾರೆ. ಕೆಲವು ಪ್ರತಿಗಳಲ್ಲಂತೂ ಒಂದೇ ತುಣುಕಿನ ಎರಡು ಟೇಕ್ ಒಂದರ ಹಿಂದೊಂದು ಬರುತ್ತದೆ. ಅಧ್ಯಯನಕ್ಕೆ ಸರಿ, ಕೇಳುವವನಿಗೆ ಶಿಕ್ಷೆ. ಮೂಲ ಎಲ್‌ಪಿ ಎಲ್ಲಿ ಮುಗಿಯಿತೋ ಅಲ್ಲಿಯೇ ನಿಲ್ಲಿಸಲು ಗುರುತು ಮಾಡಿಟ್ಟುಕೊಳ್ಳಿ.

ಹಳೆಯ ಎಲ್‌ಪಿ ಕೈಗೆ ಸಿಕ್ಕರೆ, ಹಾಡಿನ ಗೆರೆಗಳು ಮುಗಿದು ಲೇಬಲ್ ಶುರುವಾಗುವ ಮುಂಚಿನ ನುಣ್ಣನೆಯ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಆರ್‌ವಿಜಿ (ರೂಡಿ ವ್ಯಾನ್ ಗೆಲ್ಡರ್‌ನ ಮೊದಲಕ್ಷರಗಳು) ಎಂದೋ ವ್ಯಾನ್ ಗೆಲ್ಡರ್ ಎಂದೋ ಕೊರೆದಿದ್ದರೆ, ಆ ಪ್ರತಿಯ ಅಚ್ಚನ್ನು ಮೈಕು ಇಟ್ಟವರೇ ಕೊರೆದದ್ದು ಎಂದರ್ಥ.

ಹಂತ 4: ಯಂತ್ರ ಮತ್ತು ಕೋಣೆ ಸಜ್ಜುಮಾಡಿ

ಫೋನಿನ ಸೆಟ್ಟಿಂಗ್ಸ್‌ನಲ್ಲಿ ನಾಲ್ಕು ಕೆಲಸ ಇದೆ. ಕ್ರಾಸ್‌ಫೇಡ್ ತೆಗೆಯಿರಿ, ಅದು ಒಂದು ತುಣುಕಿನ ಬಾಲವನ್ನು ಇನ್ನೊಂದರ ತಲೆಗೆ ಕಟ್ಟುತ್ತದೆ, ನಮಗೆ ಬೇಕಾದ ಮಾತುಗಳು ಅಲ್ಲೇ ಮುಳುಗಿಹೋಗುತ್ತವೆ. ಷಫಲ್ ತೆಗೆಯಿರಿ. ಡಾಲ್ಬಿ, ಸರೌಂಡ್, ತ್ರೀಡಿ ಎಂಬ ಹೆಸರಿನಲ್ಲಿ ಏನೇನು ಇದೆಯೋ ಎಲ್ಲ ತೆಗೆಯಿರಿ. ಕೊನೆಯದಾಗಿ, ಶ್ರವಣ ಸಹಾಯದ ವಿಭಾಗದಲ್ಲಿ ಮೋನೊ ಆಡಿಯೊ ಎಂಬ ಗುಂಡಿ ಯಾವಾಗಲೋ ಒತ್ತಿ ಮರೆತಿದ್ದೀರಾ ನೋಡಿ. ನಾನು ಒಮ್ಮೆ ಇಡೀ ಸಂಜೆ ಎಡ ಬಲ ಎಂದು ಭಾಷಣ ಬಿಗಿದು, ಗೆಳೆಯ ಪಾಪ ಸುಮ್ಮನೆ ತಲೆಯಾಡಿಸಿ, ಅವನು ಹೋದ ಮೇಲೆ ನೋಡಿದರೆ ಆ ಗುಂಡಿ ಒತ್ತಿಯೇ ಇತ್ತು.

ಸ್ಪೀಕರ್‌ಗಳ ನಡುವೆ ಎಷ್ಟು ಅಂತರವೋ ಅಷ್ಟೇ ದೂರದಲ್ಲಿ ಕುರ್ಚಿ. ಸ್ಪೀಕರ್ ಕಿವಿಯ ಎತ್ತರಕ್ಕೆ ಬರಲಿ. ಪುಸ್ತಕಗಳನ್ನು ಅಡಿಗಿಟ್ಟರೆ ಆಯಿತು. ಗೋಡೆಯ ಮೂಲೆಗೆ ನೂಕಬೇಡಿ, ಬೇಸ್ ಊದಿಕೊಳ್ಳುತ್ತದೆ. ಒಳ್ಳೆಯ ಕುರ್ಚಿ ಗೆಳೆಯನಿಗೆ, ನೀವು ಪಕ್ಕಕ್ಕೆ. ಫ್ಯಾನಿನ ಸದ್ದಿಗೆ, ಡ್ರಮ್ಸ್ ಮೇಲೆ ಜೋನ್ಸ್ ಸವರುವ ಬ್ರಷ್ ಮುಚ್ಚಿಹೋಗುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಈ ಕೆಲಸ ಕಷ್ಟವೇ.

ಹಂತ 5: ಮೊದಲ ಹದಿನೈದು ನಿಮಿಷ, ಮಾತು ಮತ್ತು ಸಿಳ್ಳೆ

ಚೀಟಿಯನ್ನು ಗೆಳೆಯನ ಕೈಗೆ ಕೊಡಿ. ಒಂದೇ ವಾಕ್ಯ ಹೇಳಿ: "ಐದು ಜನ ಒಬ್ಬರ ಮನೆಯ ಹಜಾರದಲ್ಲಿ ನಿಂತಿದ್ದಾರೆ." ಅಷ್ಟು ಸಾಕು, ಪ್ಲೇ ಒತ್ತಿ.

'ರಿಲ್ಯಾಕ್ಸಿನ್' ಶುರುವಾಗುವುದೇ ಮೈಲ್ಸ್‌ನ ಕರಕಲು ಗಂಟಲಿನಿಂದ. ಮೊದಲು ನುಡಿಸುತ್ತೇನೆ, ಅದು ಏನೆಂದು ಆಮೇಲೆ ಹೇಳುತ್ತೇನೆ ಎಂಬರ್ಥದ ಮಾತು ಗಾಜಿನಾಚೆಯವರಿಗೆ. ಚಿಟಿಕೆ ಹೊಡೆದು ಲಯ ಕೊಡುತ್ತಾನೆ. ಗಾರ್ಲೆಂಡ್ ಪಿಯಾನೊದಲ್ಲಿ ಗಂಟೆ ಬಾರಿಸಿದಂತೆ ನುಡಿಸುತ್ತಾನೆ, 'ಇಫ್ ಐ ವರ್ ಎ ಬೆಲ್' ತಾನೇ ಹೆಸರು. ತುತ್ತೂರಿಯ ಬಾಯಿಗೆ ಹಾರ್ಮನ್ ಮ್ಯೂಟ್ ಎಂಬ ಲೋಹದ ಮುಚ್ಚಳ ಸಿಕ್ಕಿಸಿದೆ. ಹಾಗೆ ಸಿಕ್ಕಿಸಿದಾಗ ಸದ್ದು ಎಳೆಯಷ್ಟಾಗುತ್ತದೆ, ಆದ್ದರಿಂದ ತುತ್ತೂರಿಯನ್ನು ಮೈಕಿಗೆ ತೀರ ಹತ್ತಿರ ಹಿಡಿಯಬೇಕು. ಆ ಪಿಸುಮಾತಿನ ಆತ್ಮೀಯತೆ ಮೈಕಿನ ದೂರದಿಂದ ಬಂದದ್ದು. ಇದನ್ನು ತುಣುಕು ಮುಗಿದ ಮೇಲೆ ಹೇಳಿ, ನಡುವೆ ಬೇಡ.

ಈಗ ಎರಡನೇ ತುಣುಕು, 'ಯು ಆರ್ ಮೈ ಎವ್ರಿಥಿಂಗ್'. ಇಡೀ ಮಾರ್ಗದರ್ಶಿಯ ಕೀಲಿ ಇಲ್ಲಿದೆ. ಗಾರ್ಲೆಂಡ್ ಬಿಡಿ ಬಿಡಿ ಸ್ವರಗಳಲ್ಲಿ ಪೀಠಿಕೆ ಶುರುಮಾಡುತ್ತಾನೆ. ಮೈಲ್ಸ್ ಒಂದು ಸಿಳ್ಳೆ ಹೊಡೆದು ನಿಲ್ಲಿಸುತ್ತಾನೆ. ಬ್ಲಾಕ್ ಕಾರ್ಡ್ ನುಡಿಸು, ಎರಡೂ ಕೈ ಸೇರಿಸಿ ಗೊಂಚಲು ಗೊಂಚಲಾಗಿ ನುಡಿಸು ಎನ್ನುತ್ತಾನೆ. ಕಿಟಕಿಯಾಚೆ ಇರುವ ರೂಡಿಯನ್ನೂ ಹೆಸರು ಹಿಡಿದು ಕರೆಯುತ್ತಾನೆ. ಗಾರ್ಲೆಂಡ್ ಮತ್ತೆ ಶುರುಮಾಡುತ್ತಾನೆ, ಈಗ ಬೇರೆಯದೇ ಹಾಡು.

ಇಲ್ಲಿ ನಿಲ್ಲಿಸಿ. ಹಿಂದಕ್ಕೆ ಎಳೆದು ಇನ್ನೊಮ್ಮೆ ಹಾಕಿ. ಎರಡು ಪೀಠಿಕೆಗಳ ವ್ಯತ್ಯಾಸ ಏನೆಂದು ಗೆಳೆಯನನ್ನೇ ಕೇಳಿ. ಸಂಗೀತದ ಗಂಧವಿಲ್ಲದವರಿಗೂ ಇದು ಗೊತ್ತಾಗುತ್ತದೆ: ಮೊದಲನೆಯದು ತೆಳು, ಎರಡನೆಯದು ತುಂಬಿದ್ದು. ಈ ಒಂದು ನಿಮಿಷದಲ್ಲಿ ಅವನಿಗೆ ಮೂರು ವಿಷಯ ಗೊತ್ತಾಗಿರುತ್ತದೆ. ಇದನ್ನು ಬರೆದಿಟ್ಟುಕೊಂಡು ನುಡಿಸುತ್ತಿಲ್ಲ. ಒಬ್ಬ ನಾಯಕ ಇದ್ದಾನೆ. ಎಲ್ಲರೂ ಒಂದೇ ಕೋಣೆಯಲ್ಲಿದ್ದಾರೆ.

ಒಂದೇ ಕೋಣೆ ಎಂಬುದರ ಪರಿಣಾಮವನ್ನೂ ಹೇಳಲು ಇದೇ ಸಮಯ. ಪಿಯಾನೊದ ಮೈಕಿಗೆ ಡ್ರಮ್ಸ್ ಸೋರುತ್ತದೆ, ತುತ್ತೂರಿಯ ಮೈಕಿಗೆ ಪಿಯಾನೊ ಸೋರುತ್ತದೆ. ಸೋರಿದ ಮೇಲೆ ಒಬ್ಬನ ತಪ್ಪನ್ನು ಮಾತ್ರ ಅಳಿಸಿ ತಿದ್ದಲಾಗದು. ಒಬ್ಬ ಎಡವಿದರೆ ಐದೂ ಜನ ಮತ್ತೆ ನುಡಿಸಬೇಕು, ಅಥವಾ ತಪ್ಪನ್ನು ಹಾಗೆಯೇ ಬಿಡಬೇಕು. ಆಲ್ಬಮ್‌ನ ಕೊನೆಯ ತುಣುಕಾದ 'ವುಡಿನ್ ಯೂ' ಮುಗಿಯುತ್ತಲೇ ನಿರ್ಮಾಪಕ ಬಾಬ್ ವೈನ್‌ಸ್ಟಾಕ್ ಇನ್ನೊಮ್ಮೆ ನುಡಿಸಿ ಎಂದರೆ ಮೈಲ್ಸ್ ಯಾಕೆ ಎನ್ನುತ್ತಾನೆ, ಕೋಲ್ಟ್ರೇನ್ ಬಿಯರ್ ಓಪನರ್ ಕೇಳುತ್ತಾನೆ. ಅದನ್ನೂ ತಪ್ಪದೆ ಕೇಳಿಸಿ. ನಗು ಬಂತೆಂದರೆ ಗೆಳೆಯ ಕೋಣೆಯೊಳಗೆ ಬಂದ.

ಎಚ್ಚರಿಕೆಯ ಗುರುತು: ಗೆಳೆಯ ಫೋನ್ ತೆಗೆದರೆ ನೀವು ಹೆಚ್ಚು ಮಾತಾಡುತ್ತಿದ್ದೀರಿ. ಕಣ್ಣು ಮುಚ್ಚಿ "ಆಹಾ" ಎಂದರೆ ಇನ್ನೂ ಅಪಾಯ, ಅವನು ನಿಮ್ಮನ್ನು ಮೆಚ್ಚಿಸುತ್ತಿದ್ದಾನೆ.

ಹಂತ 6: ಆವರ್ತ ಎಣಿಸಿ

ಹೊಸಬರು ಕಳೆದುಹೋಗುವುದು ಸೋಲೊ, ಅಂದರೆ ಒಬ್ಬೊಬ್ಬರೇ ಮುಂದೆ ಬಂದು ನುಡಿಸುವ ಭಾಗ ಶುರುವಾದಾಗ. ಹಾಡು ಮುಗಿದು ಏನೋ ಅಡ್ಡಾದಿಡ್ಡಿ ನಡೆಯುತ್ತಿದೆ ಎನಿಸುತ್ತದೆ. ಹಾಡು ಮುಗಿದಿಲ್ಲ, ಅದರ ಸ್ವರಮೇಳದ ಚೌಕಟ್ಟು ತಾಳದ ಆವರ್ತದಂತೆ ಸುತ್ತುತ್ತಲೇ ಇದೆ, ಮೇಲೆ ಮನೋಧರ್ಮ ನಡೆದಿದೆ. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಕೈಯಲ್ಲಿ ಎಣಿಸಬೇಕು.

ಎಣಿಸಲು 'ಕೈಂಡ್ ಆಫ್ ಬ್ಲೂ'ನ 'ಫ್ರೆಡ್ಡಿ ಫ್ರೀಲೋಡರ್' ಒಂದನ್ನೇ ಎರವಲು ತನ್ನಿ. ಅದು 12 ಬಾರ್‌ಗಳ ಬ್ಲೂಸ್, ಅಂದರೆ 12 ಬಾರ್‌ಗೊಮ್ಮೆ ಚೌಕಟ್ಟು ಸುತ್ತುತ್ತದೆ. ಒಂದೊಂದು ಬಾರ್‌ಗೆ ನಾಲ್ಕು ಎಣಿಕೆ, ಒಟ್ಟು 48. ಆದಿತಾಳ ಹಾಕಲು ಬರುವವರಿಗೆ ಆರು ಆವರ್ತ. ತೊಡೆಯ ಮೇಲೆ ತಾಳ ಹಾಕುತ್ತಾ ಪಾಲ್ ಚೇಂಬರ್ಸ್‌ನ ಬೇಸನ್ನು ಮಾತ್ರ ಹಿಂಬಾಲಿಸಿ, ಅವನು ಎಣಿಕೆಗೊಂದು ಹೆಜ್ಜೆ ಇಡುತ್ತಾ ಹೋಗುತ್ತಾನೆ. ಮುಖ್ಯ ರಾಗದ ಸಾಲು ಎರಡು ಸುತ್ತು. ಆಮೇಲೆ ವಿಂಟನ್ ಕೆಲ್ಲಿಯ ಪಿಯಾನೊ, ಮೈಲ್ಸ್, ಕೋಲ್ಟ್ರೇನ್, ಕ್ಯಾನನ್‌ಬಾಲ್ ಆ್ಯಡರ್ಲಿ, ಕೊನೆಗೆ ಬೇಸ್. ಸುತ್ತು ಮುಗಿದು ಹೊಸದು ಹುಟ್ಟುವ ಜಾಗಕ್ಕೆ ನೀವು ಬೆರಳೆತ್ತಿ. ಮೂರು ಸಲ ನೀವು ಎತ್ತಿದರೆ ನಾಲ್ಕನೆಯದನ್ನು ಗೆಳೆಯ ಎತ್ತುತ್ತಾನೆ. ಎತ್ತದಿದ್ದರೆ ಮತ್ತೆ ಮೊದಲಿನಿಂದ ಹಾಕಿ, ಬೇಸರ ಬೇಡ.

ಲಯದಲ್ಲಿ ಗಟ್ಟಿಗ ಗೆಳೆಯನಿದ್ದರೆ ಡೇವ್ ಬ್ರೂಬೆಕ್ ಕ್ವಾರ್ಟೆಟ್‌ನ 'ಟೇಕ್ ಫೈವ್' ಕೂಡ ಹಾಕಬಹುದು. ನಮ್ಮ ಖಂಡ ಛಾಪು 2+3; ಇದು 3+2. ಜೋ ಮೊರೆಲ್ಲೊ ಡ್ರಮ್ಸ್ ಬಿಟ್ಟು ಬಿಟ್ಟು ನುಡಿಸುವಾಗ ಪಿಯಾನೊ ಆ ಐದನ್ನು ಬಿಡದೆ ಹಿಡಿದಿರುತ್ತದೆ, ತನಿಯಲ್ಲಿ ತಾಳ ಹಾಕುವವರ ಹಾಗೆ. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಿ. ಇದು ಇಂಥ ರಾಗ, ಅದು ಕಲ್ಪನಾಸ್ವರ ಎಂದು ಎಲ್ಲಕ್ಕೂ ಅನುವಾದ ಕೊಡುತ್ತಾ ಹೋದರೆ ಗೆಳೆಯ ನಿಮ್ಮ ಅನುವಾದ ಕೇಳುತ್ತಾನೆ, ರೆಕಾರ್ಡ್ ಕೇಳುವುದಿಲ್ಲ.

ಮೊದಲ ಸಂಜೆ ಮುಗಿಯಿತು. ಊಟಕ್ಕೆ ಏಳಿ. ಊಟದ ಹೊತ್ತಿಗೆ ಹಿನ್ನೆಲೆಯಲ್ಲಿ ಜಾಝ್ ಹಾಕಬೇಡಿ. ಇಷ್ಟು ಹೊತ್ತು ಮಾಡಿದ್ದು ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಹಂತ 7: ಎಡ ಬಲದ ನಕ್ಷೆ

ಎರಡನೇ ಸಂಜೆ ಸ್ಟೀರಿಯೊ. 'ಕೈಂಡ್ ಆಫ್ ಬ್ಲೂ' ಈಗ ಪೂರ್ತಿ. ಚೀಟಿ: 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೊ, ಎಂಜಿನಿಯರ್ ಫ್ರೆಡ್ ಪ್ಲೌಟ್. ಅದು ಮೊದಲು ಚರ್ಚ್ ಆಗಿದ್ದ ಕಟ್ಟಡ, ಛಾವಣಿ ಬಲು ಎತ್ತರ. ಹ್ಯಾಕೆನ್‌ಸ್ಯಾಕ್‌ನ ಹಜಾರದ ಪಕ್ಕದಲ್ಲಿ ಇದನ್ನು ಇಟ್ಟು ಕೇಳಿದರೆ, ತುತ್ತೂರಿಯ ಸ್ವರ ನಿಂತ ಮೇಲೂ ಗಾಳಿಯಲ್ಲಿ ಏನೋ ಉಳಿದಂತೆ ಇರುತ್ತದೆ. ಎರಡನ್ನೂ ಒಂದೊಂದು ನಿಮಿಷ ಹಾಕಿ, ಕೋಣೆ ಯಾವುದು ದೊಡ್ಡದು ಎಂದು ಕೇಳಿ. ಯಾರೂ ತಪ್ಪು ಹೇಳಿದ್ದಿಲ್ಲ.

ನೋಟ್‌ಬುಕ್ಕಿನಲ್ಲಿ ಒಂದು ಚೌಕ ಎಳೆದು ಗೆಳೆಯನಿಗೆ ಕೊಡಿ. 'ಸೋ ವಾಟ್' ಕೇಳುತ್ತಾ ಯಾರು ಎಲ್ಲಿದ್ದಾರೆ ಗುರುತಿಸಲಿ. ಸರಿಯಾದ ಉತ್ತರ: ಕೋಲ್ಟ್ರೇನ್‌ನ ಟೆನರ್ ಎಡಕ್ಕೆ, ಆ್ಯಡರ್ಲಿಯ ಆಲ್ಟೊ ಬಲಕ್ಕೆ, ಮೈಲ್ಸ್ ನಡುವೆ. ಎರಡು ಸ್ಯಾಕ್ಸೊಫೋನ್ ಬೇರೆ ಮಾಡಿ ಕೇಳಲು ಬಾರದವರಿಗೆ ಈ ನಕ್ಷೆಯೇ ಊರುಗೋಲು. ಆ ಮೇಲೆ 'ಬ್ಲೂ ಇನ್ ಗ್ರೀನ್' ಹಾಕಿ ಸುಮ್ಮನಿರಿ. ಬಲಗಡೆ ಸ್ಯಾಕ್ಸೊಫೋನ್ ಬರಲೇ ಇಲ್ಲವಲ್ಲ ಎಂದು ಗೆಳೆಯ ತಾನಾಗಿ ಹೇಳಿದರೆ ಈ ಹಂತ ಗೆದ್ದಿರಿ. ಆ ತುಣುಕಿನಲ್ಲಿ ಆ್ಯಡರ್ಲಿ ನುಡಿಸಿಲ್ಲ.

'ಫ್ಲಮೆಂಕೊ ಸ್ಕೆಚಸ್'ನ ಇನ್ನೊಂದು ಟೇಕ್ ಮರುಮುದ್ರಣಗಳ ಕೊನೆಯಲ್ಲಿ ಸಿಗುತ್ತದೆ. ಎರಡರ ಮೊದಲ ಎರಡು ನಿಮಿಷ ಮಾತ್ರ ಪಕ್ಕಪಕ್ಕ ಕೇಳಿಸಿ. ಇದಕ್ಕೆ ಬರೆದ ರಾಗದ ಸಾಲೇ ಇಲ್ಲ, ಐದು ಸ್ವರಶ್ರೇಣಿಗಳ ಸರಣಿ ಅಷ್ಟೇ. ಒಂದರಿಂದ ಇನ್ನೊಂದಕ್ಕೆ ಯಾವಾಗ ಹೋಗಬೇಕೆಂಬುದು ನುಡಿಸುವವನ ಇಷ್ಟ. ಆದ್ದರಿಂದ ಎರಡು ಟೇಕ್ ಎಂದರೆ ಎರಡು ಬೇರೆ ಸಂಗೀತ. ಪೂರ್ತಿ ಹಾಕಿದರೆ ಮಾತ್ರ ಕೆಟ್ಟಿರಿ, ಎರಡನೆಯದು ಅರ್ಧವಾಗುವಷ್ಟರಲ್ಲಿ ಆಕಳಿಕೆ ಬರುತ್ತದೆ.

ಹಂತ 8: ಕತ್ತರಿ ಕೆಲಸ ಕೇಳಿಸಿ

ಇಷ್ಟು ಹೊತ್ತಿಗೆ ಗೆಳೆಯ ಜಾಝ್ ಎಂದರೆ ಒಂದೇ ಉಸಿರಿಗೆ ನುಡಿಸಿದ್ದು ಎಂದು ನಂಬಿರುತ್ತಾನೆ. ಆ ನಂಬಿಕೆಯನ್ನೂ ಸ್ವಲ್ಪ ಅಲುಗಾಡಿಸಬೇಕು. ಮೈಲ್ಸ್‌ನದೇ 'ಇನ್ ಎ ಸೈಲೆಂಟ್ ವೇ', 1969ರ ಫೆಬ್ರುವರಿ 18. ಎರಡನೇ ಬದಿಯನ್ನು ಹಾಕಿ. ಜಾನ್ ಮೆಕ್‌ಲಾಫ್ಲಿನ್‌ನ ಗಿಟಾರ್ ಮೆಲ್ಲಗೆ ಶುರುಮಾಡುತ್ತದೆ, ನಡುವೆ ತಾಳ ಬಿಗಿಯಾಗಿ ಬಹಳ ಹೊತ್ತು ನಡೆದು, ಕೊನೆಗೆ ಅದೇ ಮೆಲುದನಿ ಮರಳುತ್ತದೆ. "ಎಷ್ಟು ಚೆನ್ನಾಗಿ ಮತ್ತೆ ಶುರುವಿಗೆ ಬಂದರು" ಎನ್ನುತ್ತಾನೆ ಗೆಳೆಯ.

ಬಂದಿಲ್ಲ. ನಿರ್ಮಾಪಕ ಟಿಯೊ ಮಾಸೆರೊ ಮೊದಲ ಭಾಗದ ಟೇಪಿನ ಪ್ರತಿಯನ್ನೇ ಕೊನೆಗೂ ಅಂಟಿಸಿದ್ದು. ಮೊದಲ ನಿಮಿಷವನ್ನೂ ಕೊನೆಯ ಭಾಗದ ಮೊದಲ ನಿಮಿಷವನ್ನೂ ಬೆನ್ನುಬೆನ್ನಿಗೆ ಹಾಕಿ ತೋರಿಸಿ. ಅದೇ ಎಳೆತ, ಅದೇ ತಡೆತ, ಕೂದಲೆಳೆಯ ವ್ಯತ್ಯಾಸವಿಲ್ಲ. ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟುಪಟ್ಟಿಯಿಂದ ಜೋಡಿಸುವ ಈ ಕೆಲಸವೂ ಸಂಗೀತ ರಚನೆಯೇ ಅಲ್ಲವೇ ಎಂಬ ಜಗಳ ಇಲ್ಲಿ ಖಂಡಿತ ಹುಟ್ಟುತ್ತದೆ. ಹುಟ್ಟಲಿ. ನನ್ನ ಮಟ್ಟಿಗೆ ರಚನೆಯೇ.

ಹಂತ 9: ಲೋಟದ ಸದ್ದು

ಕೊನೆಗೆ ಸ್ಟುಡಿಯೊದಿಂದ ಹೊರಗೆ. ಪಿಯಾನೊ ವಾದಕ ಬಿಲ್ ಇವಾನ್ಸ್‌ನ ಮೂವರ ತಂಡ ಬಿಲ್ ಇವಾನ್ಸ್ ಟ್ರಯೊ, 1961ರ ಜೂನ್ 25ರ ಭಾನುವಾರ, ನ್ಯೂಯಾರ್ಕಿನ ನೆಲಮಾಳಿಗೆಯ ಕ್ಲಬ್ ವಿಲೇಜ್ ವ್ಯಾನ್‌ಗಾರ್ಡ್. ಅವತ್ತು ಮಧ್ಯಾಹ್ನದಿಂದ ರಾತ್ರಿಯವರೆಗೆ ಐದು ಸೆಟ್ ನುಡಿಸಿದ್ದರಿಂದ 'ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್', 'ವಾಲ್ಟ್ಸ್ ಫಾರ್ ಡೆಬ್ಬಿ' ಎರಡು ಆಲ್ಬಮ್ ಆದವು. ಎರಡನೆಯದನ್ನು ಹಾಕಿ. ಲೋಟಗಳ ಕಿಣಿಕಿಣಿ, ಮಾತು, ನಗು ಎಲ್ಲ ಇದೆ. ಇಂಥ ಸಂಗೀತ ನಡೆಯುತ್ತಿರುವಾಗ ಜನ ಹರಟುತ್ತಿದ್ದರು ಎಂಬುದೇ ಸೋಜಿಗ. ಸ್ಕಾಟ್ ಲಫಾರೊನ ಬೇಸ್ ಹೆಜ್ಜೆ ಹಾಕುವುದಿಲ್ಲ, ಪಿಯಾನೊದ ಜೊತೆ ಮಾತಿಗೆ ಮಾತು ಕೊಡುತ್ತದೆ. 6ನೇ ಹಂತದಲ್ಲಿ ಎಣಿಸಿ ಕಲಿತವನಿಗೆ ಈ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಎಣಿಸದೆ ಬಂದವನಿಗೆ ಇದು ಮತ್ತೆ ಲಾಬಿ ಸಂಗೀತ.

ಪೂರ್ತಿ ಸಂಗ್ರಹದ ಪ್ರತಿ ಸಿಕ್ಕರೆ 'ಗ್ಲೋರಿಯಾಸ್ ಸ್ಟೆಪ್'ನ ಮೊದಲ ಟೇಕ್ ಕೇಳಿಸಿ. ನಡುವೆ ಕರೆಂಟ್ ಹೋಗಿ ರೆಕಾರ್ಡಿಂಗ್ ತುಂಡಾಗಿದೆ. ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಲಫಾರೊ ಇದಾದ 11 ದಿನಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡ. ಈ ಮಾತನ್ನು ಆಲ್ಬಮ್ ಮುಗಿಯುವ ತನಕ ಬಾಯಿಬಿಡಬೇಡಿ. ಮೊದಲೇ ಹೇಳಿದರೆ ಗೆಳೆಯ ಶ್ರದ್ಧಾಂಜಲಿ ಕೇಳುತ್ತಾನೆ, ಬೇಸ್ ಕೇಳುವುದಿಲ್ಲ. ಇದು ಪಿಯಾನೊ ವಾದಕ ಕೀತ್ ಜಾರೆಟ್ ಜರ್ಮನಿಯ ಕಲೋನ್‌ನಲ್ಲಿ ಕೆಟ್ಟ ಪಿಯಾನೊದಲ್ಲೇ ಕಚೇರಿ ಕೊಟ್ಟ ಕಥೆಗೂ ಅನ್ವಯ. 1975ರ ಆ ಸಂಗೀತ ಕಚೇರಿಯನ್ನು ಎಷ್ಟು ಜನ ಕಥೆಯಾಗಿ ಮಾತ್ರ ಬಲ್ಲರು!

ಹಂತ 10: ಕೈಗೆ ಕೊಟ್ಟು ಕಳಿಸಿ

ಹೊರಡುವಾಗ ಒಂದೇ ಆಲ್ಬಮ್ ಹೇಳಿ, ಒಂದೇ ಪ್ರಶ್ನೆಯ ಜೊತೆ. ಈಗ 'ಕಿನ್ಸ್‌ಮೆನ್' ಕೊಡಬಹುದು. ಇಲ್ಲವೇ 1983ರ 'ಜ್ಯೋತಿ': ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಆರ್.ಎ. ರಮಾಮಣಿಯವರ ಕಂಠ, ಟಿ.ಎ.ಎಸ್. ಮಣಿಯವರ ಮೃದಂಗ, ಜೊತೆಗೆ ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ. ಪ್ರಶ್ನೆ ಇಷ್ಟೇ ಇರಲಿ: "ಇವರೆಲ್ಲ ಕೂತ ಕೋಣೆ ಎಷ್ಟು ದೊಡ್ಡದು ಅನ್ನಿಸ್ತು?"

ಚೆನ್ನಾಗಿದೆಯಾ ಎಂದು ಕೇಳಬೇಡಿ. ಚೆನ್ನಾಗಿದೆ ಎಂಬ ಉತ್ತರಕ್ಕೆ ಬೆಲೆಯಿಲ್ಲ. ಒಂದು ವಾರ ಕಾಯಿರಿ. ಕೋಣೆಯ ಬಗ್ಗೆ ಉತ್ತರ ಬಂದರೆ ಮುಂದಿನ ಆಲ್ಬಮ್ ಕಳಿಸಿ. ಹೆಬ್ಬೆರಳು ಬಂದರೆ ಮತ್ತೆ ಊಟಕ್ಕೆ ಕರೆದು, 5ನೇ ಹಂತದ ಸಿಳ್ಳೆಯಿಂದ ಶುರುಮಾಡಿ.